ಕ್ಯಾಲೆಂಡರಿನ ಕೆಂಪು ಅಂಕಿಗಳು ಕಲಿಸುವ ಪಾಠ

ಹೊಸ ಕ್ಯಾಲೆಂಡರ್ ಗೋಡೆಗೇರಿದೊಡನೆ ಮಕ್ಕಳು ಮಾಡುವ ಮೊದಲ ಕೆಲಸ ಕೆಂಪು ಅಂಕಿಗಳನ್ನು ಎಣಿಸುವುದು. ಹಬ್ಬವೊಂದು ಭಾನುವಾರ ಬಂದರೆ 'ಅಯ್ಯೋ, ಒಂದು ರಜೆ ಹೋಯಿತು' ಎಂದು ಹಲುಬುವವರೂ ಉಂಟು. ಆದರೆ ಗಣರಾಜ್ಯೋತ್ಸವ ಪ್ರತಿ ವರ್ಷ ಜನವರಿ 26ಕ್ಕೇ ಬರುವಾಗ ಗಣೇಶನ ಹಬ್ಬವೇಕೆ ಒಮ್ಮೆ ಆಗಸ್ಟ್‌ನಲ್ಲಿ, ಒಮ್ಮೆ ಸೆಪ್ಟೆಂಬರ್‌ನಲ್ಲಿ ಬರುತ್ತದೆ? ರಂಜಾನ್ ಏಕೆ ಬೇಸಿಗೆಯಿಂದ ಚಳಿಗಾಲಕ್ಕೆ ಸರಿಯುತ್ತದೆ? ಹೀಗೆ ಕೇಳುವವರು ಕಡಿಮೆ.

ನಾನೂ ಕೇಳಿಕೊಂಡವನಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ, ಕ್ಯಾಲೆಂಡರಿನಲ್ಲಿ ಮಂಗಳವಾರ ರಂಜಾನ್ ಎಂದಿದ್ದುದನ್ನು ನೋಡಿ ಬುಧವಾರಕ್ಕೆ ವಿಜ್ಞಾನದ ಕಿರುಪರೀಕ್ಷೆ ಇಟ್ಟೆ. ಸೋಮವಾರ ರಾತ್ರಿ ಚಂದ್ರ ಕಾಣಲಿಲ್ಲ. ಹಬ್ಬ ಬುಧವಾರಕ್ಕೆ ಹೋಯಿತು. ರಜೆ ಬದಲಾದ ಸುದ್ದಿ ನಮ್ಮ ಊರಿನ ಶಾಲೆಗೆ ತಲುಪಲಿಲ್ಲ. ಅಂದು ಒಬ್ಬ ಹುಡುಗ ಹೊಸ ಬಟ್ಟೆ ತೊಟ್ಟು ಬಂದು ಕುಳಿತ. ಅವನ ತಂದೆ, ಅಣ್ಣಂದಿರು ಈದ್ಗಾದಲ್ಲಿದ್ದರು. ಅವನು ನನ್ನ ಮುಂದೆ ನಿಮ್ನ ದರ್ಪಣದ ಚಿತ್ರ ಬರೆಯುತ್ತಿದ್ದ. 'ಮೊದಲೇ ಹೇಳಬಾರದಿತ್ತೇನೋ?' ಎಂದೆ. 'ಪರೀಕ್ಷೆ ಇತ್ತಲ್ಲ ಸಾರ್' ಎಂದ. ಚಂದ್ರನ ಕಲೆಗಳನ್ನು ಪಾಠ ಮಾಡುವ ಮೇಷ್ಟ್ರಿಗೆ ಚಂದ್ರನ ಲೆಕ್ಕ ತಿಳಿದಿರಲಿಲ್ಲ!

ಹನ್ನೊಂದು ದಿನಗಳ ಲೆಕ್ಕ

ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಅಂಥ ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಸೂರ್ಯನ ಲೆಕ್ಕದ ವರ್ಷಕ್ಕಾದರೋ ಸುಮಾರು 365. ವ್ಯತ್ಯಾಸ 11 ದಿನ. ಇಸ್ಲಾಮಿಕ್ ಪಂಚಾಂಗ ಶುದ್ಧ ಚಾಂದ್ರಮಾನ. ಈ ಕೊರತೆಯನ್ನು ತುಂಬಿಕೊಳ್ಳುವುದಿಲ್ಲ. ಆದ್ದರಿಂದ ರಂಜಾನ್ ವರ್ಷಕ್ಕೆ 10-11 ದಿನ ಹಿಂದೆ ಸರಿಯುತ್ತಾ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2000ದಲ್ಲಿ ಈ ಹಬ್ಬ ಜನವರಿಯಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ, ಹೀಗೆ ಎರಡು ಸಲ ಬಂದಿತ್ತು.

ನಮ್ಮ ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗಳೂ ಚಂದ್ರನನ್ನೇ ನಂಬಿವೆ. ಆದರೆ ಇಲ್ಲಿ ಕೊರತೆ ಒಂದು ತಿಂಗಳಷ್ಟಾದಾಗ 'ಅಧಿಕ ಮಾಸ' ಸೇರಿಸುತ್ತಾರೆ. 19 ವರ್ಷಗಳಿಗೆ ಇಂಥವು 7. ಗಣೇಶ ಚತುರ್ಥಿ 2021ರಲ್ಲಿ ಸೆಪ್ಟೆಂಬರ್ 10, 2022ರಲ್ಲಿ ಆಗಸ್ಟ್ 31. ಹತ್ತು ದಿನ ಹಿಂದೆ ಬಂದಿತು. 2023ರಲ್ಲಿ ಅಧಿಕ ಶ್ರಾವಣ ಸೇರಿದ್ದರಿಂದ ಸೆಪ್ಟೆಂಬರ್ 18ಕ್ಕೆ ಜಿಗಿಯಿತು. 2024ರಲ್ಲಿ ಮತ್ತೆ 7ಕ್ಕೆ ಇಳಿಯಿತು.

ಸಂಕ್ರಾಂತಿ ಮಾತ್ರ ಸೂರ್ಯನ ಹಬ್ಬ. ಅದೂ ನಕ್ಷತ್ರಗಳನ್ನು ನೆಚ್ಚಿರುವುದರಿಂದ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಮುಂದೆ ಸರಿಯುತ್ತಿದೆ. ಕ್ರಿಸ್‌ಮಸ್ ಡಿಸೆಂಬರ್ 25ಕ್ಕೆ ಸ್ಥಿರ. ಗುಡ್ ಫ್ರೈಡೆಗೆ ಮಾತ್ರ ಹುಣ್ಣಿಮೆಯ ಲೆಕ್ಕ ಬೇಕು.

ರಜೆ ಕೊಡುವವರು ಯಾರು?

ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ, ಗಾಂಧಿ ಜಯಂತಿ ಈ ಮೂರು ದೇಶಕ್ಕೆಲ್ಲ ಒಂದೇ. ಮಿಕ್ಕವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನವೆಂಬರ್ 1 ನಮಗೆ ರಾಜ್ಯೋತ್ಸವ. ಕೊಡಗಿನಲ್ಲಿ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಸ್ಥಳೀಯ ರಜೆಯುಂಟು. ಸಣ್ಣ ಸಮುದಾಯಗಳ ಹಬ್ಬಗಳಿಗಾಗಿ 'ಪರಿಮಿತ ರಜೆ'ಯ ಪಟ್ಟಿಯಿದೆ. ಕೇಂದ್ರ ಸರಕಾರದ ನೌಕರರು ಅದರಿಂದ ವರ್ಷಕ್ಕೆ ಎರಡನ್ನು ಆರಿಸಿಕೊಳ್ಳಬಹುದು.

ಬ್ಯಾಂಕುಗಳ ರಜೆ ಘೋಷಣೆಯಾಗುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯಡಿ. ಹುಂಡಿ, ಚೆಕ್ಕುಗಳ ಕಾಯಿದೆಗೂ ರಜೆಗೂ ಏನು ಸಂಬಂಧ ಎನ್ನುವಿರಾ? ಹಣ ಸಲ್ಲಿಸಬೇಕಾದ ದಿನ ಬಾಗಿಲು ಮುಚ್ಚಿದ್ದರೆ ಏನು ಮಾಡಬೇಕೆಂಬುದು ಕಾನೂನಿಗೆ ಗೊತ್ತಿರಬೇಕಲ್ಲ!

ಭಾನುವಾರದ ರಜೆಯೂ ಸುಮ್ಮನೆ ಬಂದದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರ ಜೂನ್ 10ರಂದು ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ನಾವು ನಿದ್ದೆಯಲ್ಲಿ ಕಳೆಯುವ ಭಾನುವಾರದ ಹಿಂದೆ ಎಷ್ಟೋ ಜನರ ಬೆವರಿದೆ.

ಮಕ್ಕಳೇ, ಈ ವಾರ ಒಂದು ಕೆಲಸ ಮಾಡಿ. ನೀವು ಹುಟ್ಟಿದ ದಿನದ ತಿಥಿಯನ್ನು ಅಜ್ಜಿಯಿಂದಲೋ ಪಂಚಾಂಗದಿಂದಲೋ ತಿಳಿದುಕೊಳ್ಳಿ. ನಿಮಗೆ 19 ತುಂಬುವಾಗ ತಾರೀಖು ಮತ್ತು ತಿಥಿ ಮತ್ತೆ ಹೆಚ್ಚುಕಡಿಮೆ ಒಂದೇ ದಿನ ಕೂಡುತ್ತವೆ. ಏಕೆಂದು ಮೇಲಿನ ಲೆಕ್ಕದಿಂದ ನೀವೇ ಹೇಳಬಲ್ಲಿರಿ.

ತಂದೆತಾಯಿಗಳಲ್ಲಿ ಒಂದು ಮಾತು. ಮುಂದಿನ ರಜೆಯಂದು 'ಇವತ್ತು ಯಾಕೆ ರಜೆ?' ಎಂದು ಮಕ್ಕಳನ್ನು ಕೇಳಿ. ಗೊತ್ತಿಲ್ಲದಿದ್ದರೆ ಕೂಡಿ ಹುಡುಕಿ. ಪಕ್ಕದ ಬೆಂಚಿನವನ ಹಬ್ಬ ಯಾವತ್ತು, ಯಾಕೆ ಎಂದು ತಿಳಿದಿರುವುದೂ ವಿದ್ಯೆಯೇ. ಆ ಬುಧವಾರದ ನಂತರ, ರಂಜಾನ್ ಹಿಂದುಮುಂದಿನ ದಿನಗಳಲ್ಲಿ ನಾನು ಪರೀಕ್ಷೆ ಇಟ್ಟಿಲ್ಲ.