ದಣಿವಿಗೆ ವಾಯಿದೆ ಕೇಳುವ ಚಹಾ

ಮನಸ್ಸು ಕುಗ್ಗಿದವರು ಊಟ ಬಿಡುತ್ತಾರೆ, ಸ್ನಾನ ಮುಂದೂಡುತ್ತಾರೆ, ಮಾತು ಕಡಿಮೆ ಮಾಡುತ್ತಾರೆ. ಚಹಾ ಮಾತ್ರ ಬಿಡುವುದಿಲ್ಲ. ಭಂಕೂರ, ಶಹಾಬಾದ್, ವಾಡಿ ಕಡೆಯ ಮನೆಗಳಲ್ಲಿ ಇದನ್ನು ಕಂಡವರು ಬಹಳ ಮಂದಿ. ಮೂಲೆ ಹಿಡಿದು ಮಲಗಿದ ಮಗನಿಗೆ ರೊಟ್ಟಿ ತಿನ್ನಿಸಲಾರದೆ ಸೋತ ತಾಯಿ, "ಚಾ ಆದ್ರೂ ಕುಡಿಯಪ್ಪ" ಎಂದು ಲೋಟ ಹಿಡಿದು ನಿಲ್ಲುತ್ತಾಳೆ. ಅವನು ಕುಡಿಯುತ್ತಾನೆ. ಅರ್ಧ ಗಂಟೆಯಲ್ಲಿ ಎದ್ದು ಕೂರುತ್ತಾನೆ, ಎರಡು ಮಾತೂ ಆಡುತ್ತಾನೆ. ಅವಳಿಗೆ ಅಷ್ಟು ಸಾಕು. ಸಂಜೆ ಮತ್ತೆ ಒಲೆಯ ಮೇಲೆ ಬೋಗಾಣಿ ಇಡುತ್ತಾಳೆ. ಆ ಲೋಟ ಕುಗ್ಗಿದ ಮನಸ್ಸಿಗೆ ಏನು ಕೊಡುತ್ತದೆ, ಏನು ಕಸಿಯುತ್ತದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಆಸ್ಪತ್ರೆಗೆ ಹೋದರೆ ಊಟ, ನಿದ್ದೆ ವಿಚಾರಿಸುತ್ತಾರೆ, ಗುಳಿಗೆ ಬರೆಯುತ್ತಾರೆ. ದಿನಕ್ಕೆ ಎಷ್ಟು ಚಹಾ, ಕೊನೆಯದು ಎಷ್ಟು ಗಂಟೆಗೆ ಎಂದು ಕೇಳುವುದು ಅಪರೂಪ. ಮನೆಯವರೂ ವೈದ್ಯರೂ ಇದನ್ನು ಕೇಳಲೇಬೇಕು ಎಂದು ಒತ್ತಿ ಹೇಳುವುದಕ್ಕಾಗಿಯೇ ಈ ಬರಹ.

ಭಂಕೂರ ಇರುವುದು ಕಲಬುರಗಿ ಜಿಲ್ಲೆಯ ಶಹಾಬಾದಿನ ಮಗ್ಗುಲಲ್ಲಿ. ನೆಲ ಅಗೆದರೆ ಹಾಸುಗಲ್ಲು. ದೇಶದ ಎಷ್ಟೋ ಮನೆ, ಅಂಗಳಗಳಿಗೆ ಹೋಗಿ ಕೂತ ಶಹಾಬಾದ್ ಫರಸಿ ಈ ನೆಲದ್ದು. ಇಲ್ಲಿನ ಸುಣ್ಣದ ಕಲ್ಲೇ ವಾಡಿ, ಮಳಖೇಡ, ಸೇಡಂ, ಚಿಂಚೋಳಿವರೆಗೂ ಸಿಮೆಂಟ್ ಕಾರ್ಖಾನೆಗಳನ್ನು ಎಳೆದು ತಂದಿತು. ಮುಂಬೈ–ಚೆನ್ನೈ ರೈಲು ಮಾರ್ಗ ಶಹಾಬಾದನ್ನು ಹಾಯ್ದು ವಾಡಿ ಜಂಕ್ಷನ್ನಿಗೆ ಹೋಗುತ್ತದೆ. ಕಾರ್ಖಾನೆಗೂ ರೈಲಿಗೂ ಹಗಲು ರಾತ್ರಿ ಎಂಬುದಿಲ್ಲ. ಹೀಗೆ ಇಲ್ಲಿನ ಎಷ್ಟೋ ಮನೆಗಳ ದಿನಚರಿಯನ್ನು ನಡೆಸುವುದು ಪಾಳಿ, ಆ ಪಾಳಿಯನ್ನು ನಡೆಸುವುದು ಚಹಾ. ರಾಜ್ಯದ ದಕ್ಷಿಣದ ಬೆಟ್ಟಗಳಲ್ಲಿ ಕಾಫಿ ಬೆಳೆದರೂ ನಮ್ಮ ಕಡೆ ಗೆದ್ದದ್ದು ಚಹಾವೇ. ಅದು ನಮ್ಮ ಅಜ್ಜನ ಅಜ್ಜಂದಿರ ಪಾನೀಯವೇನಲ್ಲ. ಮೊದಲ ಮಹಾಯುದ್ಧದ ಕಾಲದಿಂದ ಚಹಾ ವ್ಯಾಪಾರದ ಪ್ರಚಾರಕರು ದೇಶದ ಗಿರಣಿ, ಗಣಿ, ಕಾರ್ಖಾನೆಗಳಲ್ಲಿ ಅಂಗಡಿ ಇಡಿಸಿದರು, ರೈಲು ನಿಲ್ದಾಣಗಳಲ್ಲಿ ಫಲಕ ಹಾಕಿಸಿದರು, ಜನರಿಗೆ ರೂಢಿ ಹತ್ತಿಸಿದರು. ದಣಿದ ಕೆಲಸಗಾರ ಇನ್ನಷ್ಟು ಹೊತ್ತು ಕಣ್ಣು ತೆರೆದಿರಲಿ ಎಂಬುದು ಆಗಿನ ಲೆಕ್ಕ. ಈಗಲೂ ಅದೇ.

ರಾತ್ರಿ ಪಾಳಿ ಬಿಡುವ ಹೊತ್ತಿಗೆ ಯಾವುದಾದರೂ ಕ್ರಾಸಿನ ಚಹಾದಂಗಡಿ ಮುಂದೆ ನಿಂತು ನೋಡಿ. ಮೈಮೇಲಿನ ಬೂದಿ ಬಣ್ಣದ ಧೂಳು ಇನ್ನೂ ಒರೆಸಿಕೊಂಡಿರದ ಮಂದಿ, "ಕಾಕಾ, ಒಂದು ಕಡಕ್ ಚಾ ಕೊಡ್ರಿ" ಎನ್ನುತ್ತಾ ಬರುತ್ತಾರೆ. ಒಲೆಯ ಮೇಲಿನ ಬೋಗಾಣಿ ನಸುಕಿನಿಂದ ಇಳಿದಿಲ್ಲ. ಹಳೆಯ ಗಸಿಯ ಮೇಲೆಯೇ ಹೊಸ ಪುಡಿ, ಮತ್ತೆ ಹಾಲು, ಮತ್ತೆ ಸಕ್ಕರೆ. ಅಂಗಡಿಯವನು ಅರಿವೆಯಲ್ಲಿ ಸೋಸಿ, ಬೆರಳುದ್ದದ ಗಾಜಿನ ಲೋಟಕ್ಕೆ ಎತ್ತರದಿಂದ ಸುರಿಯುತ್ತಾನೆ. ಬಹಳ ಹೊತ್ತು ಕುದಿಸಿದ ಚಹಾದಲ್ಲೇ ಹೆಚ್ಚು ಶಕ್ತಿ ಎಂದು ನಂಬಿದವರು ಅನೇಕರು. ವಾಸ್ತವದಲ್ಲಿ ಪುಡಿಯೊಳಗಿನ ಕೆಫೀನ್ ಬಹುಪಾಲು ಮೊದಲ ಕೆಲವು ನಿಮಿಷಗಳಲ್ಲೇ ನೀರಿಗೆ ಇಳಿದಿರುತ್ತದೆ. ಆಮೇಲೆ ಕುದಿಸಿದಷ್ಟೂ ಹೆಚ್ಚುವುದು ಒಗರು, ಬಣ್ಣ. ಲೆಕ್ಕಕ್ಕೆ ಬರುವುದು ಪುಡಿಯ ಪ್ರಮಾಣ. ಒಣ ಪುಡಿಯ ತೂಕದಲ್ಲಿ ಶೇ 2ರಿಂದ 4ರಷ್ಟು ಕೆಫೀನ್. ಅಂದರೆ 2 ಗ್ರಾಂ ಪುಡಿಗೆ ಹೆಚ್ಚು ಕಡಿಮೆ 60 ಮಿಲಿಗ್ರಾಂ. ಅಂಗಡಿಯ ಸಣ್ಣ ಲೋಟದಲ್ಲಿ ಅದರ ಅರ್ಧ ಇದ್ದೀತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ, ಗರ್ಭಿಣಿ ಮತ್ತು ಹಾಲೂಡಿಸುವ ತಾಯಂದಿರಿಗೆ 200ರವರೆಗೆ ತೊಂದರೆಯಿಲ್ಲ ಎಂದಿದೆ. ಹಾಗೆ ನೋಡಿದರೆ ನಾಲ್ಕೈದು ಲೋಟ ಚಹಾ ಭಯಪಡುವಂಥದ್ದಲ್ಲ. ನನ್ನ ತಕರಾರು ಲೋಟದ ಎಣಿಕೆಗಿಂತ ಹೆಚ್ಚಾಗಿ ಹೊತ್ತಿನ ಬಗ್ಗೆ.

ಎಚ್ಚರವಿದ್ದಷ್ಟು ಹೊತ್ತೂ ನಮ್ಮ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ಅದು ನರಕೋಶಗಳ ಮೇಲಿನ ತನ್ನ ಜಾಗಗಳಲ್ಲಿ ಹೋಗಿ ಕೂತಂತೆಲ್ಲ ಮೈ ಭಾರವಾಗುತ್ತದೆ, ತೂಕಡಿಕೆ ಬರುತ್ತದೆ. ಕೆಫೀನಿನ ಅಣು ನೋಡಲು ಅಡೆನೊಸಿನ್ನಿನಂತೆಯೇ ಇದೆ. ಅದು ಆ ಜಾಗಗಳನ್ನು ಹಿಡಿದು ಕೂರುತ್ತದೆ, ದಣಿವಿನ ಸುದ್ದಿಯನ್ನು ಮಾತ್ರ ಮುಟ್ಟಿಸುವುದಿಲ್ಲ. ಜೊತೆಗೆ, ಅಡೆನೊಸಿನ್ ಅದುಮಿ ಹಿಡಿದಿದ್ದ ಡೋಪಮಿನ್ ಕೆಲಸಕ್ಕೆ ಸ್ವಲ್ಪ ಸಡಿಲ ಸಿಗುತ್ತದೆ. 'ಏಳೋಣ, ಮಾಡೋಣ' ಎಂಬ ಹುರುಪು ಬರುವುದು ಅಲ್ಲಿಂದ. ಆದರೆ ಕೂಡಿದ ದಣಿವು ಎಲ್ಲಿಗೂ ಹೋಗಿರುವುದಿಲ್ಲ. ಸಾಲ ತೀರಿಸದೆ ಸಾಹುಕಾರನ ಹತ್ತಿರ ವಾಯಿದೆ ಕೇಳಿಕೊಂಡು ಬಂದಂತೆ ಇದು. ಆರೋಗ್ಯವಂತರು ರಾತ್ರಿ ಗಾಢವಾಗಿ ಮಲಗಿ ಆ ಬಾಕಿ ತೀರಿಸುತ್ತಾರೆ. ಖಿನ್ನತೆಯಿರುವವರಿಗೆ ನಿದ್ದೆಯೇ ಮೊದಲು ಕೆಟ್ಟಿರುತ್ತದೆ. ನಡುರಾತ್ರಿ ಎಚ್ಚರ, ನಸುಕಿನಲ್ಲಿ ಎಚ್ಚರ, ಎದ್ದ ಕೂಡಲೇ ಎದೆಯ ಮೇಲೆ ಭಾರ. ಆ ಭಾರ ಇಳಿಸಿಕೊಳ್ಳಲು ಒಂದು ಚಹಾ, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು. ರಾತ್ರಿ ಕಣ್ಣು ಮುಚ್ಚುವುದಿಲ್ಲ.

ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ 5 ಗಂಟೆ ಬೇಕು. ಸಂಜೆ 7ಕ್ಕೆ ಕುಡಿದ ಚಹಾದ ಅರ್ಧ ಪಾಲು ನಡುರಾತ್ರಿ 12ಕ್ಕೂ ಮೈಯಲ್ಲಿ ಓಡಾಡುತ್ತಿರುತ್ತದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ದುಡಿದವನು 6ಕ್ಕೆ ಕಡಕ್ ಚಹಾ ಕುಡಿದು 8ಕ್ಕೆ ಮಲಗಿದರೆ, ಕುಡಿದದ್ದರ ಮುಕ್ಕಾಲು ಪಾಲು ಅವನೊಂದಿಗೇ ಹಾಸಿಗೆಗೆ ಹೋಗಿರುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ತಗಡಿನ ಸೂರಿನಡಿ ಹಗಲು ನಿದ್ದೆ ಮೊದಲೇ ಕಷ್ಟ. ಮಲಗುವ 6 ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡರೂ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿಮೆಯಾಯಿತು ಎಂದು 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. "ಚಾ ಕುಡದ್ರೂ ನಂಗ ನಿದ್ದಿ ಬರ್ತದ್ರಿ" ಎನ್ನುವವರು ನಮ್ಮಲ್ಲಿ ಬಹಳ. ನಿದ್ದೆ ಬರಬಹುದು, ಆದರೆ ತೆಳುವಾಗಿರುತ್ತದೆ. ಬೆಳಗ್ಗೆ ಎದ್ದಾಗ ಮೈ ಹಗುರಾಗದಿದ್ದರೆ ಕಾರಣ ಅಲ್ಲೂ ಇರಬಹುದು.

ಇಷ್ಟು ಓದಿ, ಮನೆಯಲ್ಲಿ ಮಲಗಿದವರ ಕೈಯಿಂದ ಇಂದೇ ಲೋಟ ಕಸಿದುಕೊಳ್ಳಬೇಡಿ. ದಯವಿಟ್ಟು ಬೇಡ. ರೂಢಿಯಾದ ಕೆಫೀನ್ ಒಮ್ಮೆಲೇ ನಿಂತರೆ 12ರಿಂದ 24 ಗಂಟೆಯೊಳಗೆ ತಲೆನೋವು, ಸುಸ್ತು, ಸಿಡುಕು, ಮಂಕು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಶುರುವಾಗುತ್ತದೆ. ಎರಡನೆಯ ದಿನದ ಹೊತ್ತಿಗೆ ಏರಿ, 9 ದಿನದವರೆಗೂ ಉಳಿಯಬಹುದು. ದಿನಕ್ಕೆ 100 ಮಿಲಿಗ್ರಾಂ ಕುಡಿಯುವವರಲ್ಲೂ ಇದು ಕಾಣುತ್ತದೆ. ಖಿನ್ನತೆಯ ಲಕ್ಷಣಗಳ ಪಟ್ಟಿಯ ಪಕ್ಕ ಇದನ್ನಿಟ್ಟು ನೋಡಿ, ಅರ್ಧಕ್ಕರ್ಧ ಒಂದೇ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಿಂದ ಕೆಫೀನ್ ಬಿಟ್ಟಾಗಿನ ಈ ಸ್ಥಿತಿಯನ್ನು ಒಂದು ತೊಂದರೆಯೆಂದೇ ಗುರುತಿಸಿದೆ. ಬೆಳಗಿನ ಮೊದಲ ಲೋಟ ಅಷ್ಟು ಹಿತವೆನಿಸುವುದರಲ್ಲೂ ಇದರ ಪಾಲಿದೆ. ರಾತ್ರಿಯಿಡೀ ಕೆಫೀನ್ ಇಲ್ಲದೆ ಹುಟ್ಟಿದ ಕೊರತೆಯನ್ನೇ ಅದು ಮೊದಲು ತುಂಬುತ್ತದೆ. ತಲೆನೋವಿಗೆಂದು ಕಿರಾಣಿ ಅಂಗಡಿಯಲ್ಲಿ ಕೊಳ್ಳುವ ಕೆಲವು ಗುಳಿಗೆಗಳಲ್ಲೂ ಕೆಫೀನ್ ಇದೆ. ಅದಕ್ಕೇ ಅವು ಥಟ್ಟನೆ ಕೆಲಸ ಮಾಡಿದಂತೆ ಕಾಣುತ್ತವೆ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅಮೆರಿಕದ ದಾದಿಯರ ಆರೋಗ್ಯ ಅಧ್ಯಯನದಲ್ಲಿ 50,739 ಮಹಿಳೆಯರನ್ನು 1996ರಿಂದ 10 ವರ್ಷ ಗಮನಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 2–3 ಕಪ್ ಕಾಫಿ ಕುಡಿಯುವವರಲ್ಲಿ ಖಿನ್ನತೆಯ ಸಾಧ್ಯತೆ ಶೇ 15ರಷ್ಟು, 4 ಕಪ್ಪಿಗೂ ಮೇಲ್ಪಟ್ಟವರಲ್ಲಿ ಶೇ 20ರಷ್ಟು ಕಡಿಮೆ ಕಂಡಿತು. ಇದನ್ನು 'ಕಾಫಿ ಖಿನ್ನತೆ ಗುಣ ಮಾಡುತ್ತದೆ' ಎಂದು ಓದಿಕೊಂಡವರಿದ್ದಾರೆ, ಅದು ತಪ್ಪು. ಅಧ್ಯಯನದ ಆರಂಭದಲ್ಲಿ ಆ ಮಹಿಳೆಯರಿಗೆ ಖಿನ್ನತೆ ಇರಲಿಲ್ಲ. ನಿದ್ದೆಗೇಡು, ಆತಂಕ ಇರುವವರು ತಾವಾಗಿಯೇ ಕಾಫಿ ದೂರವಿಟ್ಟಿರಬಹುದು. ಆಗ ಕುಡಿಯುವವರ ಗುಂಪು ಸಹಜವಾಗಿಯೇ ಗಟ್ಟಿಯಾಗಿ ಕಾಣುತ್ತದೆ. ಈಗಾಗಲೇ ಕುಗ್ಗಿದವರಿಗೆ ಅದು ಔಷಧ ಎನ್ನಲು ಇದರಲ್ಲಿ ಆಧಾರವಿಲ್ಲ. ಆದರೆ ಹಿತಮಿತದ ಚಹಾ, ಕಾಫಿ ಮನಸ್ಸಿಗೆ ವಿಷ ಎನ್ನುವವರ ಮಾತೂ ನಿಲ್ಲುವುದಿಲ್ಲ.

ಖಿನ್ನತೆಯ ಜೊತೆ ಆತಂಕ ಸೇರಿದವರ ಕಥೆ ಬೇರೆ, ಹಾಗೆ ಸೇರಿರುವುದೇ ಹೆಚ್ಚು. "ಎದಿ ಡಬ್ ಡಬ್ ಅಂತದ, ಕೈ ನಡುಗ್ತಾವ, ಜೀವ ಹೋದಂಗ ಆಗ್ತದ" ಎಂದು ಹೃದಯದ ಪರೀಕ್ಷೆಗೆ ಓಡುವ ಎಷ್ಟೋ ಜನರ ಇಸಿಜಿ ಸರಿಯಾಗೇ ಇರುತ್ತದೆ. ಗಾಬರಿಯ ಆಘಾತ ಬರುವ ರೋಗಿಗಳಿಗೆ ಸುಮಾರು 5 ಕಪ್ ಕಾಫಿಯಷ್ಟು ಕೆಫೀನ್ ಒಟ್ಟಿಗೆ ಕೊಟ್ಟ ಪ್ರಯೋಗಗಳಲ್ಲಿ ಅರ್ಧದಷ್ಟು ಮಂದಿಗೆ ಆ ಆಘಾತ ಮರುಕಳಿಸಿದೆ. ಇಂಥವರಿಗೆ ಎನರ್ಜಿ ಡ್ರಿಂಕ್ ಖಂಡಿತ ಬೇಡ. ನಮ್ಮ ದೇಶದ ನಿಯಮ ಅವುಗಳಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನಿಗೆ ಅವಕಾಶ ಕೊಟ್ಟಿದೆ. ಮಕ್ಕಳಿಗೆ, ಗರ್ಭಿಣಿಯರಿಗೆ ತಕ್ಕುದಲ್ಲ ಎಂಬ ಸಣ್ಣ ಅಕ್ಷರಗಳನ್ನು ಬಸ್ ನಿಲ್ದಾಣದ ಅಂಗಡಿಯಲ್ಲಿ ಯಾರು ಓದುತ್ತಾರೆ? ಹತ್ತನೇ ತರಗತಿ ಹುಡುಗರ ಕೈಯಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಆ ಬಾಟಲಿ ನೋಡಿದಾಗ ನನಗೆ ಸಂಕಟವಾಗುತ್ತದೆ.

ಬೀಡಿ, ಸಿಗರೇಟಿನ ಲೆಕ್ಕವೂ ಇದರೊಳಗಿದೆ. ಹೊಗೆಯಲ್ಲಿನ ಕೆಲವು ವಸ್ತುಗಳು ಕೆಫೀನನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ಚುರುಕು ಮಾಡುತ್ತವೆ. ಸೇದುವವರ ದೇಹದಲ್ಲಿ ಕೆಫೀನ್ ಬೇಗ ಕರಗುತ್ತದೆ, ಬೇಗ ಮತ್ತೊಂದು ಚಹಾ ಬೇಕೆನಿಸುತ್ತದೆ. ಅಂಥವರು ಒಳ್ಳೆಯ ಮನಸ್ಸು ಮಾಡಿ ಬೀಡಿ ಬಿಟ್ಟು, ಚಹಾ ಮೊದಲಿನಷ್ಟೇ ಕುಡಿದರೆ ಮೈಯೊಳಗಿನ ಕೆಫೀನ್ ಸುಮಾರು ದುಪ್ಪಟ್ಟಾಗುತ್ತದೆ. ಚಡಪಡಿಕೆ, ನಿದ್ದೆಗೇಡು ಬಂದಾಗ 'ಬೀಡಿ ಬಿಟ್ಟಿದ್ದಕ್ಕೇ ಹಿಂಗಾಗ್ಯಾದ' ಎಂದು ಮತ್ತೆ ಕಡ್ಡಿ ಗೀರುತ್ತಾರೆ. ಬೀಡಿ ಬಿಡುವಾಗ ಚಹಾವನ್ನೂ ಅರ್ಧಕ್ಕೆ ಇಳಿಸಿದರೆ ಈ ಕಷ್ಟ ಎಷ್ಟೋ ತಪ್ಪುತ್ತದೆ. ಗುಳಿಗೆಗಳ ವಿಷಯದಲ್ಲೂ ಎಚ್ಚರ ಬೇಕು. ಫ್ಲುವಾಕ್ಸಮಿನ್ ಎಂಬ ಗುಳಿಗೆ ಅದೇ ಕಿಣ್ವವನ್ನು ತಡೆಯುವುದರಿಂದ ಒಂದು ಲೋಟದ ಕೆಫೀನ್ ಇಡೀ ದಿನ ಮೈಯಲ್ಲಿ ಉಳಿಯಬಲ್ಲದು. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರು ಚಹಾ, ಕಾಫಿಯನ್ನು ಏಕಾಏಕಿ ನಿಲ್ಲಿಸಿದರೆ ರಕ್ತದಲ್ಲಿ ಲಿಥಿಯಂ ಏರಿ ಅಪಾಯವಾಗಬಹುದು. ಅವರು ವೈದ್ಯರನ್ನು ಕೇಳದೆ ಏನನ್ನೂ ಬದಲಿಸಬಾರದು.

ಹೆಣ್ಣುಮಕ್ಕಳ ದಣಿವನ್ನು ನಾವು ಇನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ತೊಗರಿ ಹೊಲದ ಕೂಲಿಗೆ ಹೋಗುವ ಅಕ್ಕ ಬೆಳಗ್ಗೆ ರೊಟ್ಟಿಯ ಜೊತೆ ಚಹಾ ಕುಡಿಯುತ್ತಾಳೆ, ಕಬ್ಬಿಣದ ಗುಳಿಗೆಯನ್ನೂ ಅದರಲ್ಲೇ ನುಂಗುತ್ತಾಳೆ. ಚಹಾದ ಒಗರು ಆ ಕಬ್ಬಿಣ ರಕ್ತಕ್ಕೆ ಸೇರದಂತೆ ಹಿಡಿದಿಡುತ್ತದೆ. "ಮೈಯಾಗ ತ್ರಾಣ ಇಲ್ಲ, ಜೀವಕ್ಕ ಬ್ಯಾಸರ" ಎಂಬ ಅವಳ ಮಾತಿನಲ್ಲಿ ರಕ್ತಹೀನತೆ ಎಷ್ಟು, ಥೈರಾಯ್ಡ್ ಎಷ್ಟು, ಖಿನ್ನತೆ ಎಷ್ಟು ಎಂಬುದು ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಊಟಕ್ಕೂ ಗುಳಿಗೆಗೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಇರಲಿ.

ಖಿನ್ನತೆಯ ಗುಳಿಗೆಗಳು ಕೆಲಸ ತೋರಿಸಲು ವಾರಗಳು ಬೇಕು, ಚಹಾಕ್ಕೆ ಅರ್ಧ ಗಂಟೆ ಸಾಕು. ಈ ಹೋಲಿಕೆಯಲ್ಲೇ ಎಷ್ಟೋ ರೋಗಿಗಳು ಗುಳಿಗೆಯ ಮೇಲಿನ ನಂಬಿಕೆ ಕಳೆದುಕೊಂಡು ಮಧ್ಯದಲ್ಲೇ ಬಿಡುತ್ತಾರೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಖಿನ್ನತೆಯಿದ್ದವರ ಪೈಕಿ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಯ ಹಳ್ಳಿಗಳಿಗೆ ಒಯ್ಯುವ ಪ್ರಯೋಗ ಮೊದಲು ನಡೆದದ್ದು ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ ಎಂಬುದನ್ನು ನೆನೆದರೆ ಈ ಅಂಕಿ ಇನ್ನಷ್ಟು ನೋಯಿಸುತ್ತದೆ. ಈಗ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಏರ್ಪಾಡಿದೆ. ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಎಂಬ ಮಾತು ಮನೆಯವರ ಬಾಯಲ್ಲಿ ಬಂದರೆ ಮಂಗಳವಾರಕ್ಕೆ ಕಾಯಬೇಡಿ, ಅವರನ್ನು ಒಬ್ಬರೇ ಬಿಡದೆ ಆ ಕ್ಷಣವೇ ಕರೆ ಮಾಡಿ ಅಥವಾ ಆಸ್ಪತ್ರೆಗೆ ಕರೆದೊಯ್ಯಿರಿ.

ಆಸ್ಪತ್ರೆಗೆ ಹೋಗುವ ಮುಂಚೆ ಒಂದು ವಾರ, ಕುಡಿದ ಪ್ರತಿ ಚಹಾದ ಹೊತ್ತನ್ನು ಹಳೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ. ಮಲಗಿದ್ದು, ಎದ್ದದ್ದು, ಸೇದಿದ್ದು, ನುಂಗಿದ ಗುಳಿಗೆಯ ಹೆಸರು ಕೂಡ ಇರಲಿ. ವೈದ್ಯರಿಗೆ ಆ ಹಾಳೆ ಬಹಳ ಹೇಳುತ್ತದೆ. ಕಡಿಮೆ ಮಾಡುವುದಾದರೆ ದಿನದ ಕೊನೆಯ ಲೋಟದಿಂದ ಶುರು ಮಾಡಿ, ಮೂರ್ನಾಲ್ಕು ದಿನಕ್ಕೆ ಅರ್ಧ ಲೋಟದಂತೆ ಇಳಿಸಿ. ಆದರೆ ಕ್ರಾಸಿನ ಅಂಗಡಿಗೆ ಹೋಗಿ ಬರುವುದನ್ನು ನಿಲ್ಲಿಸಬೇಡಿ. ಮೂಲೆ ಹಿಡಿದವರು ಹೊಸ್ತಿಲು ದಾಟುವುದು, ನಾಲ್ಕು ಜನರ ಮುಖ ನೋಡುವುದು ಎಷ್ಟೋ ಸಲ ಆ ಚಹಾದ ನೆಪದಲ್ಲೇ. ಸಂಜೆ ಜೊತೆಗೆ ಹೋಗಿ ಕೂತು, ಅವರಿಗೊಂದು ಲೋಟ ಬರೀ ಹಾಲು ಹೇಳಿ.