ಹಾಯಿದೋಣಿಯ ಕೀಲ್: ಆಳವೋ, ಗಿಡ್ಡವೋ?

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ನಮ್ಮ ಕಣದ ಗಾದೆ. ಬೆನ್ನ ಹಿಂದಿನಿಂದ ಬೀಸುವ ಗಾಳಿ ಹಾಯಿದೋಣಿಯನ್ನು ಮುಂದಕ್ಕೆ ತಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಹಾಯಿದೋಣಿಯು ಎದುರುಗಾಳಿಯನ್ನೂ ಬಳಸಿಕೊಂಡು, ಅದಕ್ಕೆ ಓರೆಯಾಗಿ, ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಹೊರಳುತ್ತ, ಗಾಳಿ ಬರುವ ಕಡೆಗೇ ಮುನ್ನಡೆಯಬಲ್ಲುದು. ಈ ಚಮತ್ಕಾರದ ಅರ್ಧ ಗುಟ್ಟು ಹಾಯಿಯಲ್ಲಿದೆ. ಉಳಿದರ್ಧ ನೀರಿನ ಕೆಳಗೆ ಅಡಗಿದೆ. ದೋಣಿಯ ತಳದಿಂದ ಮೀನಿನ ಈಜುರೆಕ್ಕೆಯಂತೆ ಇಳಿದಿರುವ ಆ ಭಾಗಕ್ಕೆ ಕೀಲ್ ಎಂದು ಹೆಸರು.

ಮನೆಮಂದಿಯೊಡನೆ ಕೆಲವು ದಿನ ನೀರಿನ ಮೇಲೆ ವಿಹರಿಸಲೂ ಬೇಕು, ಬಿಡುವಿನಲ್ಲಿ ಪಂದ್ಯಕ್ಕೂ ಇಳಿಯಬೇಕು ಎನ್ನುವವರಿಗಾಗಿ ಅಮೆರಿಕ ಮತ್ತು ಯೂರೋಪುಗಳಲ್ಲಿ ‘ಕ್ರೂಸರ್-ರೇಸರ್’ ಎಂಬ ಬಗೆಯ ದೋಣಿಗಳನ್ನು ಕಟ್ಟುತ್ತಾರೆ. ಇವುಗಳಲ್ಲಿ ಅನೇಕವು ಎರಡು ರೂಪಗಳಲ್ಲಿ ದೊರೆಯುವುವು. ಒಡಲು ಅದೇ, ಹಾಯಿ ಅದೇ. ಕೀಲ್ ಮಾತ್ರ ಒಂದರಲ್ಲಿ ಆಳ, ಇನ್ನೊಂದರಲ್ಲಿ ಗಿಡ್ಡ. ಕ್ಯಾಲಿಫೋರ್ನಿಯದಲ್ಲಿ 1970ರ ದಶಕದಲ್ಲಿ ಹುಟ್ಟಿ, 6,000ಕ್ಕೂ ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದ ‘ಕ್ಯಾಟಲೀನ 30’ ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು 9 ಮೀಟರ್ ಉದ್ದದ ಈ ದೋಣಿ ಆಳದ ಕೀಲಿನೊಡನೆ 1.60 ಮೀಟರಿನಷ್ಟು ನೀರಿಗಿಳಿಯುತ್ತದೆ. ಅನಂತರ ಬಂದ ಗಿಡ್ಡ ಕೀಲಿನೊಡನೆ 1.17 ಮೀಟರ್ ಮಾತ್ರ. ನಲವತ್ತಮೂರು ಸೆಂಟಿಮೀಟರಿನ ಈ ವ್ಯತ್ಯಾಸದಿಂದ ಲಾಭವೇನು, ನಷ್ಟವೇನು? ಇದನ್ನು ಅರಿಯಬೇಕಾದರೆ ಕೀಲ್ ಮಾಡುವ ಎರಡು ಕೆಲಸಗಳನ್ನು ಮೊದಲು ಅರಿಯಬೇಕು.

ನೀರೊಳಗಿನ ರೆಕ್ಕೆ

ಒದ್ದೆಯಾದ ಹುಣಿಸೆಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿ ನೋಡಿ. ಬೆರಳುಗಳು ಅಕ್ಕಪಕ್ಕಗಳಿಂದ ಒತ್ತಿದರೂ ಬೀಜ ಮುಂದಕ್ಕೆ ಚಿಮ್ಮುವುದು. ಹಾಯಿದೋಣಿಯ ಸ್ಥಿತಿಯೂ ಸರಿಸುಮಾರಾಗಿ ಹೀಗೆಯೇ. ಓರೆಯಾಗಿ ಬೀಸುವ ಗಾಳಿ ಹಾಯಿಯ ಮೂಲಕ ದೋಣಿಯನ್ನು ಹೆಚ್ಚಾಗಿ ಪಕ್ಕಕ್ಕೆ, ಸ್ವಲ್ಪವಾಗಿ ಮುಂದಕ್ಕೆ ತಳ್ಳುತ್ತದೆ. ಪಕ್ಕದ ತಳ್ಳಿಕೆಯನ್ನು ಕೀಲ್ ತಡೆಯುತ್ತದೆ. ಮುಂದಣ ತಳ್ಳಿಕೆ ಮಾತ್ರ ಉಳಿಯುತ್ತದೆ.

ಕೀಲ್ ಈ ಕೆಲಸವನ್ನು ಬರಿಯ ಗೋಡೆಯಂತೆ ಅಡ್ಡನಿಂತು ಮಾಡುವುದಿಲ್ಲ. ವಿಮಾನದ ರೆಕ್ಕೆಯಂತೆ ಮಾಡುತ್ತದೆ. ದೋಣಿ ತುಸು ಓರೆಯಾಗಿ ಸಾಗುವುದರಿಂದ ಕೀಲಿನ ಒಂದು ಮಗ್ಗುಲಲ್ಲಿ ನೀರಿನ ಒತ್ತಡ ಹೆಚ್ಚುತ್ತದೆ, ಮತ್ತೊಂದರಲ್ಲಿ ತಗ್ಗುತ್ತದೆ. ಆದರೆ ಹೆಚ್ಚು ಒತ್ತಡದ ನೀರು ಕೀಲಿನ ತುದಿಯನ್ನು ಬಳಸಿಕೊಂಡು ಕಡಿಮೆ ಒತ್ತಡದ ಕಡೆಗೆ ನುಸುಳಲು ಹವಣಿಸುತ್ತದೆ. ಹೀಗೆ ನುಸುಳಿದ ನೀರು ದೋಣಿಯ ಹಿಂದೆ ಸುಳಿಯಾಗಿ ಸುತ್ತುತ್ತದೆ. ಸುಳಿಯನ್ನು ಎಬ್ಬಿಸಲು ತಗಲುವ ಶಕ್ತಿಯೆಲ್ಲ ದೋಣಿಯ ವೇಗದಿಂದಲೇ ಕಳೆಯತಕ್ಕದ್ದು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಲೂಡ್ವಿಗ್ ಪ್ರಾಂಡ್ಟ್ಲ್ ವಿಮಾನದ ರೆಕ್ಕೆಗಳ ವಿಷಯದಲ್ಲಿ ಇದರ ಗಣಿತವನ್ನು ಬಿಡಿಸಿದನು. ವೇಗವೂ ರೆಕ್ಕೆ ಹೊರುವ ಬಲವೂ ಅಷ್ಟೇ ಇದ್ದರೆ, ಸುಳಿಯಿಂದಾಗುವ ಎಳೆತವು ರೆಕ್ಕೆಯ ನೀಳದ ವರ್ಗಕ್ಕೆ ವಿಲೋಮವಾಗಿರುತ್ತದೆ. ನೀಳವನ್ನು ನಾಲ್ಕರಲ್ಲಿ ಒಂದು ಪಾಲು ಮೊಟಕು ಮಾಡಿದರೆ ಆ ಎಳೆತ 16/9ರಷ್ಟು, ಅಂದರೆ ಸುಮಾರು 1.8 ಪಟ್ಟು ಆಗುವುದು. ಕಡಲಹಕ್ಕಿಯಾದ ಆಲ್ಬಟ್ರಾಸಿಗೂ ಗ್ಲೈಡರ್ ವಿಮಾನಕ್ಕೂ ನೀಳವಾದ ಕಿರಿದು ರೆಕ್ಕೆಗಳಿರುವುದು ಈ ಕಾರಣದಿಂದಲೇ. ಆದುದರಿಂದ ಎದುರುಗಾಳಿಯಲ್ಲಿ ಆಳದ ಕೀಲಿನ ದೋಣಿ ಕಡಿಮೆ ಜಾರಿ, ಹೆಚ್ಚು ಮುಂದೆ ಹೋಗುತ್ತದೆ. ಗಾಳಿ ಹಿಂದಿನಿಂದ ಬೀಸುವಾಗಲಾದರೋ ಪಕ್ಕದ ತಳ್ಳಿಕೆಯೇ ಅತ್ಯಲ್ಪ. ಆಗ ಈ ಮೇಲ್ಮೆ ಬಹುಮಟ್ಟಿಗೆ ಅಳಿಸಿಹೋಗುವುದು.

ಬೀಳದ ಗೊಂಬೆ

ಕೀಲಿನ ಎರಡನೆಯ ಕೆಲಸ ದೋಣಿಯನ್ನು ನೆಟ್ಟಗೆ ನಿಲ್ಲಿಸುವುದು. ಎತ್ತ ನೂಕಿದರೂ ಎದ್ದು ಕೂರುವ ತಂಜಾವೂರು ಗೊಂಬೆಯನ್ನು ಓದುಗರು ಕಂಡಿರಬಹುದು. ಅದರ ಭಾರವೆಲ್ಲ ಬುಡದಲ್ಲಿದೆ. ಕ್ಯಾಟಲೀನ 30ರ ಒಟ್ಟು ತೂಕ ಸುಮಾರು 4,600 ಕಿಲೋಗ್ರಾಂ. ಅದರಲ್ಲಿ ಸುಮಾರು 1,900 ಕಿಲೋಗ್ರಾಂ ಕೀಲಿನಲ್ಲಿರುವ ಭಾರವೇ. ಈ ಭಾರ ಎಷ್ಟು ಕೆಳಗಿದ್ದರೆ ದೋಣಿ ಅಷ್ಟು ಸ್ಥಿರ.

ಒಂದು ಸಣ್ಣ ಲೆಕ್ಕ ಮಾಡೋಣ. ಕೀಲನ್ನು ಗಿಡ್ಡ ಮಾಡಿದ್ದರಿಂದ ಈ 1,900 ಕಿಲೋಗ್ರಾಂ ಭಾರದ ಕೇಂದ್ರ 20 ಸೆಂಟಿಮೀಟರ್ ಮೇಲೇರಿತೆಂದು ಊಹಿಸಿಕೊಳ್ಳಿ. ದೋಣಿ 30 ಡಿಗ್ರಿ ವಾಲಿದಾಗ ಅದನ್ನು ಮೇಲೆತ್ತುವ ತಿರುಚುಬಲದಲ್ಲಿ ಆಗುವ ನಷ್ಟ 1,900 × 0.20 × 0.5, ಅಂದರೆ 190 ಕಿಲೋಗ್ರಾಂ-ಮೀಟರ್. ಈ ನಷ್ಟವನ್ನು ತುಂಬಿಸಬೇಕಾದರೆ ತಲಾ ಸುಮಾರು 65 ಕಿಲೋಗ್ರಾಂ ತೂಗುವ ಇಬ್ಬರು ಗಾಳಿ ಬೀಸುವ ಕಡೆಯ ಅಂಚಿನಲ್ಲಿ ಹೋಗಿ ಕುಳಿತಿರಬೇಕು! ಇಲ್ಲವಾದರೆ ಹಾಯಿಯನ್ನು ಬೇಗನೆ ತಗ್ಗಿಸಬೇಕು. ತಗ್ಗಿಸಿದೊಡನೆ ವೇಗವೂ ತಗ್ಗುವುದು.

ಇದು ಬರಿಯ ಪಂದ್ಯದ ಮಾತಲ್ಲ, ಪ್ರಾಣದ ಮಾತು. 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಹೊರಟ ಫಾಸ್ಟ್‌ನೆಟ್ ಪಂದ್ಯದ 303 ದೋಣಿಗಳು ಬಿರುಗಾಳಿಗೆ ಸಿಕ್ಕಿದುವು. ಪಂದ್ಯಗಾರರಲ್ಲಿ 15 ಮಂದಿ ಮಡಿದರು. 24 ದೋಣಿಗಳನ್ನು ಅವುಗಳಲ್ಲಿದ್ದವರು ತೊರೆಯಬೇಕಾಯಿತು. ಅಲೆಗಳ ಹೊಡೆತಕ್ಕೆ ಹಲವು ದೋಣಿಗಳು ಮಗುಚಿದುವು; ಕೆಲವು ಕೂಡಲೆ ಮೇಲೇಳದೆ ತಲೆಕೆಳಗಾಗಿಯೇ ಉಳಿದುವು. ಅಗಲವಾದ ಒಡಲು ಸ್ವಲ್ಪ ವಾಲಿದಾಗ ದೋಣಿಯನ್ನು ಚೆನ್ನಾಗಿ ಹಿಡಿದು ನಿಲ್ಲಿಸುವುದು ನಿಜ. ಆದರೆ ಪೂರ್ತಿ ಮಗುಚಿದ ಮೇಲೆ ಅದೇ ಅಗಲ ದೋಣಿಯನ್ನು ತಲೆಕೆಳಗಾಗಿಯೇ ಹಿಡಿದಿಡುತ್ತದೆ. ಅಂಥ ಗಳಿಗೆಯಲ್ಲಿ ದೋಣಿಯನ್ನು ಮರಳಿ ತಿರುಗಿಸಲು ನೆರವಾಗುವುದು ಆಳದಲ್ಲಿರುವ ಭಾರ. ತೆರೆಗಡಲಿಗೆ ಹೊರಡುವವರು ಇದನ್ನು ಮರೆಯುವಂತಿಲ್ಲ.

ಹಾಗಾದರೆ ಗಿಡ್ಡ ಕೀಲ್ ಏಕೆ?

ಏಕೆಂದರೆ ಕಡಲಿಗೆ ತಳವುಂಟು. ಅಮೆರಿಕದ ಪೂರ್ವ ತೀರದಲ್ಲಿರುವ ಚೆಸಪೀಕ್ ಕೊಲ್ಲಿ ಹಾಯಿದೋಣಿಗಳ ತವರು. ಆದರೆ ಅದರ ಸರಾಸರಿ ಆಳ ಸುಮಾರು 6.4 ಮೀಟರ್, ಅದರ 7,00,000 ಎಕರೆಗೂ ಮಿಕ್ಕ ಭಾಗದಲ್ಲಿ ಆರಡಿ ಎತ್ತರದ ಮನುಷ್ಯ ತಲೆ ಮುಳುಗದಂತೆ ನಡೆದುಹೋಗಬಹುದು! ಒಂದೂವರೆ ಮೀಟರ್ ನೀರಿರುವ ತೊರೆಯೊಳಗೆ ಆಳದ ಕೀಲಿನ ಕ್ಯಾಟಲೀನ ಕೆಸರು ಕಚ್ಚಿ ನಿಲ್ಲುವುದು; ಗಿಡ್ಡ ಕೀಲಿನದು 33 ಸೆಂಟಿಮೀಟರ್ ಬಿಡುವಿಟ್ಟುಕೊಂಡು ಒಳಹೊಕ್ಕು, ಮರಗಳ ಮರೆಯಲ್ಲಿ ಲಂಗರು ಹಾಕುವುದು. ಬಿರುಗಾಳಿ ಬರುವಂತಿದ್ದರೆ ಇಂಥ ತೊರೆಯೇ ಆಶ್ರಯ. ಹೀಗೆ ಆಳದ ಕೀಲಿನಂತೆ ಗಿಡ್ಡ ಕೀಲೂ ಒಂದು ರೀತಿಯಲ್ಲಿ ಕ್ಷೇಮಕ್ಕೆ ಕಾರಣವಾಗುತ್ತದೆ.

ಎರಡನ್ನೂ ಹೊಂದಿಸುವ ಯತ್ನಗಳು ನಡೆಯದೆ ಇಲ್ಲ. ಬೇಕಾದಾಗ ಇಳಿಸಿ, ಬೇಡವಾದಾಗ ಮೇಲೆತ್ತುವ ನಡುಹಲಗೆ ಒಂದು ಉಪಾಯ. ಕಾರ್ಲ್‌ಟನ್ ಮಿಚೆಲನ ‘ಫಿನಿಸ್ಟೇರ್’ ದೋಣಿ ಹಲಗೆಯನ್ನು ಎತ್ತಿದಾಗ ಸುಮಾರು 1.2 ಮೀಟರ್ ನೀರಿನಲ್ಲಿ ತೇಲುತ್ತಿತ್ತು. ಆದರೂ ಅಮೆರಿಕದಿಂದ ಬರ್ಮುಡ ದ್ವೀಪಕ್ಕೆ 635 ನಾಟಿಕಲ್ ಮೈಲಿಗಳ ಪಂದ್ಯವನ್ನು ಅದು 1956, 1958, 1960ರಲ್ಲಿ ಸಾಲಾಗಿ ಮೂರು ಬಾರಿ ಗೆದ್ದಿತು. ದೋಣಿಗಳ ಅಳತೆಗೆ ತಕ್ಕಂತೆ ಕಾಲವನ್ನು ಸರಿದೂಗಿಸುವ ನಿಯಮದಿಂದ ಬಂದ ಗೆಲುವು ಅದೆಂಬುದು ನಿಜ. ಆದರೂ ಗಿಡ್ಡ ತಳದ ದೋಣಿ ಕಡಲಿಗೆ ಸಲ್ಲದೆಂಬ ಮಾತು ಅಲ್ಲಿಗೆ ಅಡಗಿತು.

ಎರಡನೆಯ ಉಪಾಯ ಕೀಲಿನ ತುದಿಗೆ ಅಡ್ಡರೆಕ್ಕೆಗಳನ್ನು ಜೋಡಿಸುವುದು. 1983ರ ಸೆಪ್ಟೆಂಬರ್ 26ರಂದು ಬೆನ್ ಲೆಕ್ಸೆನ್ ರಚಿಸಿದ ‘ಆಸ್ಟ್ರೇಲಿಯ 2’ ಇಂಥ ಕೀಲಿನೊಡನೆ ಅಮೆರಿಕ ಕಪ್ಪನ್ನು ಗೆದ್ದು, 132 ವರ್ಷಗಳ ಅಮೆರಿಕದ ಒಡೆತನವನ್ನು ಮುರಿಯಿತು. ಅಡ್ಡರೆಕ್ಕೆಗಳು ನೀರು ನುಸುಳುವುದನ್ನು ಕುಗ್ಗಿಸುತ್ತವೆ. ಭಾರವನ್ನೂ ಕೆಳಗೆ ಇರಿಸುತ್ತವೆ. ಕ್ಯಾಟಲೀನದ ಗಿಡ್ಡ ಕೀಲೂ ಈ ಬಗೆಯದೇ. ಆದರೆ ಇದಕ್ಕೂ ಒಂದು ಕುಂದುಂಟು. ಸಾದಾ ಕೀಲ್ ಕೆಸರಿಗೆ ತಗುಲಿದರೆ ದೋಣಿಯನ್ನು ಒಂದು ಪಕ್ಕಕ್ಕೆ ವಾಲಿಸಿ ಬಿಡಿಸಿಕೊಳ್ಳಬಹುದು, ಏಕೆಂದರೆ ವಾಲಿದಾಗ ಕೀಲಿನ ತುದಿ ಮೇಲೇರುತ್ತದೆ. ಅಡ್ಡರೆಕ್ಕೆಯಿದ್ದರೆ ವಾಲಿದಷ್ಟೂ ಅದರ ಒಂದು ಮೊನೆ ಕೆಸರಿನಲ್ಲಿ ಹೂತುಕೊಳ್ಳಬಹುದು.

ಎರಡು ಬಗೆಯ ದೋಣಿಗಳು ಒಂದೇ ಪಂದ್ಯದಲ್ಲಿ ಇಳಿದಾಗ ಗಿಡ್ಡ ಕೀಲಿನದಕ್ಕೆ ಸಾಮಾನ್ಯವಾಗಿ ಮೈಲಿಗೆ ಕೆಲವು ಸೆಕೆಂಡುಗಳ ರಿಯಾಯಿತಿ ದೊರೆಯುತ್ತದೆ. ಮೈಲಿಗೆ ಆರು ಸೆಕೆಂಡು ಎಂದಿಟ್ಟುಕೊಂಡರೆ ಇಪ್ಪತ್ತು ಮೈಲಿಗೆ ಎರಡು ನಿಮಿಷ. ಪಂದ್ಯಗಾರನಿಗೆ ಎರಡು ನಿಮಿಷವೆಂದರೆ ಬಹಳ. ಸಂಜೆಯ ಹೊತ್ತಿಗೆ ಸುರಕ್ಷಿತವಾದ ತೊರೆಯನ್ನು ಹುಡುಕುವ ಸಂಸಾರಸ್ಥನಿಗೆ ಅದು ಲೆಕ್ಕಕ್ಕಿಲ್ಲ. ಆದುದರಿಂದ ಈ ಎರಡರಲ್ಲಿ ಯಾವುದು ಮೇಲು ಎಂದು ಕೇಳುವವರಿಗೆ ಬಲ್ಲವರು ಒಡನೆಯೇ ಉತ್ತರ ಹೇಳುವುದಿಲ್ಲ. ದೋಣಿ ಓಡಬೇಕಾದ ನೀರಿನ ಆಳವೆಷ್ಟು, ಅಲ್ಲಿಯ ಗಾಳಿ ಎಂಥದು ಎಂದು ಮರಳಿ ಕೇಳುತ್ತಾರೆ.