‘ಮಿಲ್ಟ್ರಿ ಬಿಟ್ಟು ಬಂದಾನ’: ಆದ್ರೆ ಕಾಗದದಲ್ಲಿ ಏನಂತ ಬರೆದಿದ್ದಾರೆ?

ಬೀಳಗಿ, ಮುಧೋಳದ ಕಡೆ ಸೈನಿಕನೊಬ್ಬ ಊರಿಗೆ ವಾಪಸಾದ್ರೆ ಜನ ಹೇಳೋದು ಒಂದೇ ಮಾತು: ‘ಮಿಲ್ಟ್ರಿ ಬಿಟ್ಟು ಬಂದಾನ.’ ಸೇನೆಯ ಕಡತದಲ್ಲಿ ಮಾತ್ರ ಹೀಗೆ ಬರೋದಕ್ಕೆ ಬೇರೆ ಬೇರೆ ಹೆಸರುಗಳಿವೆ. ಪಿಂಚಣಿ, ಮಾಜಿ ಸೈನಿಕ ಅನ್ನೋ ಸ್ಥಾನ ಎರಡೂ ಆ ಹೆಸರಿನ ಮೇಲೇ ನಿಂತಿವೆ.

ಡಿಸ್ಚಾರ್ಜ್: ಕೇಳೋಕೆ ಶಿಕ್ಷೆಯಂತಿದ್ದರೂ ಅವಧಿ ಮುಗಿಸಿದ ಜವಾನನಿಗೂ ಇದೇ ಪದ. 15 ವರ್ಷ ಸೇವೆ ಆಗಿದ್ದರೆ ಪಿಂಚಣಿ ಸಿಗುತ್ತೆ. ಆದರೆ 1954ರ ಸೇನಾ ನಿಯಮಗಳ 13ನೇ ನಿಯಮದಲ್ಲಿ ‘ಸೇವೆ ಇನ್ನು ಅಗತ್ಯವಿಲ್ಲ’ ಎಂದು ಕಳಿಸುವ ದಾರಿಯೂ ಇದೆ. ನಾಲ್ಕು ‘ರೆಡ್ ಇಂಕ್ ಎಂಟ್ರಿ’, ಅಂದರೆ ಕೆಂಪು ಶಾಯಿಯಲ್ಲಿ ದಾಖಲಾದ ಶಿಕ್ಷೆಗಳು ಬಿದ್ದರೆ ಮನೆಗೆ ಕಳಿಸೋದು ರೂಢಿಯಾಗಿತ್ತು. ಬರೀ ಲೆಕ್ಕ ನೋಡಿ ಕಳಿಸುವಂತಿಲ್ಲ, ವಿಚಾರಣೆ ಬೇಕು ಎಂದು ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು.

ಡಿಸ್‌ಮಿಸಲ್: ಇದು ವಜಾ. 1950ರ ಸೇನಾ ಕಾಯ್ದೆಯಡಿ ಕೋರ್ಟ್ ಮಾರ್ಷಲ್ ಈ ಶಿಕ್ಷೆ ಕೊಡಬಹುದು. ಅಧಿಕಾರಿಗಳಿಗಾದರೆ ಇನ್ನೂ ಕಠಿಣವಾದ ‘ಕ್ಯಾಷಿಯರಿಂಗ್’ ಇದೆ. ಪಿಂಚಣಿ ಸಾಮಾನ್ಯವಾಗಿ ಕೈತಪ್ಪುತ್ತೆ.

ಬೋರ್ಡ್ ಔಟ್: ವೈದ್ಯಕೀಯ ಮಂಡಳಿ ‘ಅನರ್ಹ’ ಅಂದಾಗ ಬಳಸುವ ಮಾತು. ಕಾಯಿಲೆ ಸೇವೆಯಿಂದ ಬಂತಾ ಅನ್ನೋದೇ ಇಲ್ಲಿ ಜಗಳ. ಭರ್ತಿಯಾದಾಗ ದಾಖಲಾಗಿರದ ಕಾಯಿಲೆ ಸೇವೆಯಿಂದಲೇ ಬಂತೆಂದು ಭಾವಿಸಬೇಕು, ಅಲ್ಲವೆಂದು ಸಾಬೀತು ಮಾಡೋ ಹೊಣೆ ಸೇನೆಯದು ಎಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್ ಹೇಳಿದೆ.

ಈ ಪಟ್ಟಿಗೆ 2022ರ ಜೂನ್‌ನಲ್ಲಿ ಅಗ್ನಿಪಥ ಹೊಸ ಪದ ಸೇರಿಸಿತು: ‘ಎಕ್ಸಿಟ್’. ನಾಲ್ಕು ವರ್ಷದ ನಂತರ ಗರಿಷ್ಠ 25% ಅಗ್ನಿವೀರರಿಗೆ ಮಾತ್ರ ಕಾಯಂ ಸೇವೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ, ಅದರಲ್ಲೂ ಅರ್ಧದಷ್ಟು ಅವರ ಸಂಬಳದಿಂದಲೇ ಕಡಿತವಾದದ್ದು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಮೊದಲ ತಂಡದ ಅವಧಿ ಮುಗಿಯೋದು 2026ರ ಕೊನೆ, 2027ರ ಆರಂಭದ ಹೊತ್ತಿಗೆ.

ಐಟಿ ಕಂಪನಿಗಳ ‘ಲೇಆಫ್’ ಕಂಡ ನಮಗೆ ಇಂಥ ನಯವಾದ ಪದಗಳು ಹೊಸತಲ್ಲ. ಆದರೆ ವ್ಯತ್ಯಾಸ ಗಮನಿಸಿ. ದುಬೆ, ಧರಮ್‌ವೀರ್ ಇಬ್ಬರಿಗೂ ಪ್ರಶ್ನಿಸಲು ಒಂದು ಆದೇಶ ಇತ್ತು. ಅಗ್ನಿವೀರನನ್ನು ಯಾರೂ ತೆಗೆದುಹಾಕಲ್ಲ, ಅವನ ಅವಧಿ ಮುಗಿಯುತ್ತೆ ಅಷ್ಟೇ. ತಪ್ಪು ಮಾಡದವನೂ 15 ವರ್ಷದ ಗೆರೆ ಮುಟ್ಟೋಕೆ ಆಗದಂತೆ ಷರತ್ತು ಭರ್ತಿಯ ದಿನವೇ ಬರೆದಾಗಿರುತ್ತೆ.

ಹಳೇ ಪದ್ಧತಿಯಲ್ಲಿ ಬಂದವರು ನಿಮ್ಮ ಮನೆಯಲ್ಲಿದ್ದರೆ ಡಿಸ್ಚಾರ್ಜ್ ಬುಕ್ ತೆಗೆದು, ಬಿಡುಗಡೆಯ ಕಾರಣ ಏನಂತ ಬರೆದಿದೆ ಓದಿ. ಅದು ಸರಿ ಅನ್ನಿಸದಿದ್ದರೆ 2007ರ ಕಾಯ್ದೆಯಡಿ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಭರ್ತಿಗೆ ಓಡೋ ಹುಡುಗರು ಇದ್ದರೆ, ಸಹಿ ಹಾಕೋ ಮೊದಲೇ ಷರತ್ತು ಓದಿಸಿ.